ಅತ್ತೆಯ ತಲೆಯ ಮೇಲೆ ಏಳು ಸುತ್ತು

ಆ ಭಾನುವಾರ ಮಧ್ಯಾಹ್ನ ಲುಬೊಮಿರ್ ಊಟದ ಮೇಜಿನಿಂದ ಎದ್ದು ನಿಂತು, ಫೋರ್ಕನ್ನು ಖಡ್ಗದಂತೆ ಮೇಲೆತ್ತಿ, ಇನ್ನು ಮುಂದೆ ತನ್ನ ವಿಮಾನ ಈ ಮನೆತನದ ಸೇವೆಗೇ ಮುಡಿಪು ಎಂದು ಘೋಷಿಸಿದ. ಫೋರ್ಕಿನ ತುದಿಯಲ್ಲಿ ಕ್ನೆಡ್ಲಿಕ್ ಎಂಬ ಹಿಟ್ಟಿನ ಕಡುಬಿನ ತುಂಡೊಂದು ಇನ್ನೂ ಸಿಕ್ಕಿಕೊಂಡಿತ್ತು. ಪ್ರತಿಜ್ಞೆಯ ಭಾರಕ್ಕೋ ಏನೋ, ಅದು ಜಾರಿ ಸಾರಿನ ತಟ್ಟೆಗೆ ಬಿದ್ದು, ಹೆಂಡತಿ ಯಿತ್ಕಾಳ ಬಿಳಿ ಅಂಗಿಯ ಮೇಲೆ ಸಿಡಿಯಿತು.

"ಕೂತ್ಕೊಂಡು ತಿನ್ನೋ ಮಾರಾಯ," ಎಂದಳು ಯಿತ್ಕಾ.

ಅತ್ತೆ ಲಿಬುಷೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಸೇವೆ ಅಂದ್ರೆ ಏನ್ಮಾಡುತ್ತೆ? ಹಾಲು ಕೊಡುತ್ತಾ?"

ಈ ಪ್ರಶ್ನೆ ಹೊಸದಲ್ಲ. ಅತ್ತೆಗೆ ಎರಡು ಆಡು ಸಾಕಬೇಕೆಂಬ ಆಸೆ ಬಂದು ಒಂದು ವರ್ಷವಾಗಿತ್ತು. ಆಡು ಕಟ್ಟಲು ಹಿತ್ತಲಿನ ಕೊಟ್ಟಿಗೆ ಬೇಕು. ಕೊಟ್ಟಿಗೆಯಲ್ಲಿ ಅಳಿಯನ ಅಲ್ಟ್ರಾಲೈಟ್ ವಿಮಾನ ರೆಕ್ಕೆ ಮಡಚಿಕೊಂಡು ಮಲಗಿತ್ತು. ಬಟ್ಟೆ ಹೊದಿಸಿದ ರೆಕ್ಕೆ, ಎರಡು ಸೀಟು, ಒಟ್ಟು ತೂಕ ಒಂದು ಒಳ್ಳೆಯ ಎಮ್ಮೆಗಿಂತ ಕಡಿಮೆ. ಆದರೆ ಎಮ್ಮೆಯಾದರೂ ಸಗಣಿ ಹಾಕುತ್ತದೆ ಎಂಬುದು ಅತ್ತೆಯ ವಾದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿಯುವ ಪೈಕಿ ತನ್ನ ಅಳಿಯ ಎಂದು ಅವರು ಅಂಚೆಯವಳಿಂದ ಹಿಡಿದು ಪಾದ್ರಿಯವರೆಗೆ ಎಲ್ಲರಿಗೂ ಹೇಳಿ ಮುಗಿಸಿದ್ದರು.

"ಈ ತಿಂಗಳು ಮುಗಿಯೋದ್ರೊಳಗೆ ಕೊಟ್ಟಿಗೆ ಖಾಲಿ ಆಗ್ಬೇಕು," ಎಂದರು ಈಗ.

ಕೊಟ್ಟಿಗೆ ಹೋದರೆ ವಿಮಾನವೂ ಹೋದ ಹಾಗೆಯೇ. ಊರಾಚೆಯ ಹುಲ್ಲಿನ ರನ್‌ವೇ ಪಕ್ಕದಲ್ಲಿ ಕ್ಲಬ್ಬಿನ ಶೆಡ್ಡೇನೋ ಇತ್ತು. ಅಲ್ಲಿ ಜಾಗ ಸಿಗಬೇಕಾದರೆ ಯಾರಾದರೊಬ್ಬ ಸದಸ್ಯ ಸಾಯಬೇಕು. ಆ ಕ್ಲಬ್ಬಿನ ಸದಸ್ಯರೋ ಹಟಕ್ಕೆ ಬಿದ್ದವರಂತೆ ಬದುಕಿದ್ದರು.

ಲುಬೊಮಿರನಿಗೆ ವಿಮಾನ ಯಾಕೆ ಬೇಕು ಎಂದು ಕೇಳಿದರೆ ಅವನು ಗಾಳಿ, ಬೆಳಕು, ಮೋಡ ಎಂದೆಲ್ಲ ಹೇಳುತ್ತಿದ್ದ. ಅದೆಲ್ಲ ಸುಳ್ಳು. ಅವನು ವಾಷಿಂಗ್ ಮೆಷಿನ್ ರಿಪೇರಿಯವನು. ವಿಸೊಚಿನಾ ಎಂಬ ಆ ಗುಡ್ಡಗಾಡಿನ ಹತ್ತಾರು ಹಳ್ಳಿಗೆ ಅವನೊಬ್ಬನೇ. ಐವತ್ತು ದಾಟಿದ ಬೆನ್ನು, ಸೋಪಿನ ನೀರಿನಲ್ಲಿ ನೆಂದು ಬಿರುಕು ಬಿಟ್ಟ ಬೆರಳು. ಕ್ಷೌರಕ್ಕೆ ಕೂತರೆ ಹಿಂದಿನಿಂದ "ಲುಬೊ, ನಮ್ಮನೇದು ನೀರು ಬಿಡ್ತಿಲ್ಲ." ಬಾರಿನಲ್ಲಿ ಕೂತರೆ ಪಕ್ಕದಿಂದ "ಲುಬೊ, ನಮ್ಮನೇದು ಕುಣಿದು ಕುಣಿದು ಬಚ್ಚಲಿಂದ ನಡುಮನೆಗೇ ಬಂತು." ಒಮ್ಮೆ ಒಂದು ಸಾವಿನ ಮನೆಯಲ್ಲಿ, ಶವಪೆಟ್ಟಿಗೆಯ ಪಕ್ಕದಲ್ಲೇ, ಗಂಡನನ್ನು ಕಳೆದುಕೊಂಡಾಕೆ ಅವನ ಎರಡೂ ಕೈ ಹಿಡಿದುಕೊಂಡು ಅತ್ತಳು. "ಲುಬೊ, ನೀನು ಬಂದಿದ್ದು ದೇವರು ಬಂದ ಹಾಗಾಯ್ತು. ಮೂರು ದಿನದಿಂದ ಬಟ್ಟೆ ಒಳಗೇ ಸಿಕ್ಕಿಕೊಂಡಿದೆ." ನೆಲ ಬಿಟ್ಟು ಮೇಲೆದ್ದ ಮೇಲೆ ಮಾತ್ರ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಅಷ್ಟೇ. ಅಷ್ಟಕ್ಕಾಗಿ ಅವನಿಗೆ ವಿಮಾನ ಬೇಕಿತ್ತು, ಬಹಳ ಬೇಕಿತ್ತು.

ಪ್ರತಿಜ್ಞೆಗೆ ಕಾರಣ ಅಣಬೆ. ಸೆಪ್ಟೆಂಬರ್ ಮಳೆ ಬಿದ್ದು ಎರಡು ದಿನ ಬಿಸಿಲು ಬಂದರೆ ಇಡೀ ದೇಶವೇ ಬುಟ್ಟಿ ಹಿಡಿದು ಕಾಡಿಗೆ ನುಗ್ಗುತ್ತದೆ. ಪ್ರತಿ ಮನೆಗೂ ಒಂದು ಗುಟ್ಟಿನ ಜಾಗ. ಆ ಜಾಗವನ್ನು ಗಂಡ ಹೆಂಡತಿಗೆ ಹೇಳುವುದಿಲ್ಲ, ಹೆಂಡತಿ ಪಾದ್ರಿಗೆ ಹೇಳುವುದಿಲ್ಲ. ಕಾಡಿನ ದಾರಿಯಲ್ಲಿ ಇಬ್ಬರು ಎದುರಾದರೆ ಒಬ್ಬರು "ಬೆಳೀತಿದ್ಯಾ?" ಎಂದು ಕೇಳಬೇಕು, ಇನ್ನೊಬ್ಬರು "ಎಲ್ಲಿ, ಅಲ್ಲೇನೂ ಇಲ್ಲ" ಎನ್ನಬೇಕು. ಬುಟ್ಟಿಯ ಭಾರಕ್ಕೆ ತೋಳು ಕಿತ್ತು ಬರುತ್ತಿದ್ದರೂ, ಮೇಲೆ ಮುಚ್ಚಿದ ಜರೀಗಿಡದ ಸೊಪ್ಪಿನ ಸಂದಿಯಿಂದ ಕಂದು ಟೊಪ್ಪಿಗೆಗಳು ಇಣುಕುತ್ತಿದ್ದರೂ, ಮಾತು ಅದೇ. ಹುಟ್ಟಿದ ಊರಿನಲ್ಲಿ ಮರ್ಯಾದೆಯಿಂದ ಬಾಳುವವರು ಇದಕ್ಕೆ ತಪ್ಪಿ ನಡೆದದ್ದಿಲ್ಲ.

ಎಪ್ಪತ್ತೆಂಟರ ಲಿಬುಷೆಯ ಜಾಗ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಾದದ್ದು, ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದ್ದು. ಮಗಳಿಗೂ ಗೊತ್ತಿಲ್ಲ. ಅಳಿಯನ ಮಾತಂತೂ ಬೇಡ. ಹಿಂದಿನ ವಾರ ಅವರು ಕಾಡಿನಿಂದ ತುಂಬ ತಡವಾಗಿ, ಮಂಡಿ ಹಿಡಿದುಕೊಂಡು ಕುಂಟುತ್ತ ಬಂದಿದ್ದರು. ಯಿತ್ಕಾ ಹೆದರಿ ಅತ್ತಿದ್ದಳು. ಫೋನ್ ತೆಗೆದುಕೊಂಡು ಹೋಗಮ್ಮ ಎಂದರೆ ಅವರದು ಒಂದೇ ಉತ್ತರ. "ಫೋನು ನಾವು ಎಲ್ಲಿದೀವಿ ಅಂತ ಹೇಳ್ಬಿಡುತ್ತೆ. ನನಗೆ ಬೇಡ."

ಅದಕ್ಕೇ ಲುಬೊಮಿರ್ ಎದ್ದು ನಿಂತದ್ದು. "ಶನಿವಾರ ಅತ್ತೆ ಕಾಡಲ್ಲಿರೋವಾಗ ನಾನು ಮೇಲಿರ್ತೀನಿ. ಎಲ್ಲಾದ್ರೂ ಬಿದ್ರೆ, ಎದ್ರೆ, ಕಂಡುಬಿಡುತ್ತೆ. ಯಾವ ಆಡು ಈ ಕೆಲಸ ಮಾಡುತ್ತೆ ಹೇಳಿ?"

"ಬೇಡ," ಎಂದರು ಅತ್ತೆ.

"ಬೇಡ," ಎಂದಳು ಯಿತ್ಕಾ.

ತಾಯಿ ಮಗಳು ಒಂದೇ ಮಾತು ಆಡಿದ್ದು ಆ ವರ್ಷ ಅದೇ ಮೊದಲು. ಅದಾದರೂ ಅವನಿಗೆ ಅರ್ಥವಾಗಬೇಕಿತ್ತು. ಇರಲಾರದೆ ಇರುವೆ ಬಿಟ್ಟುಕೊಳ್ಳುವವನಿಗೆ ಅರ್ಥವೆಲ್ಲ ಆಮೇಲೆ ಆಗುವುದು.

ಶನಿವಾರ ಬೆಳಗ್ಗೆ ಅತ್ತೆ ಕೆಂಪು ತಲೆವಸ್ತ್ರ ಕಟ್ಟಿಕೊಂಡು, ಬುಟ್ಟಿ ಊರುಗೋಲು ಹಿಡಿದು ಹೊರಟರು. ಯಾರೂ ಹಿಂಬಾಲಿಸಬಾರದೆಂದು ಮೊದಲು ಚರ್ಚಿನ ದಿಕ್ಕಿಗೆ ಹೋಗಿ, ಅಲ್ಲಿಂದ ಸ್ಮಶಾನದ ಹಿಂದೆ ತಿರುಗಿ ಮಾಯವಾದರು. ಲುಬೊಮಿರ್ ಸ್ವಲ್ಪ ಹೊತ್ತು ಕಾದು, ವಿಮಾನವನ್ನು ಹುಲ್ಲುಗಾವಲಿನುದ್ದಕ್ಕೂ ತಳ್ಳಿಕೊಂಡು ಹೋಗಿ, ರೆಕ್ಕೆ ಬಿಚ್ಚಿ, ಮೇಲೆದ್ದ. ಫೋನನ್ನು ತೊಡೆಗೆ ಕಟ್ಟಿಕೊಂಡಿದ್ದ. ಕ್ಲಬ್ಬಿನ ಎಲ್ಲರೂ ಹಾಗೆಯೇ. ಯಾರು ಎಲ್ಲಿ ಹಾರುತ್ತಿದ್ದಾರೆ ಎಂದು ಫೋನು ಗೆರೆ ಎಳೆಯುತ್ತಾ ಹೋಗುತ್ತದೆ, ಆ ಗೆರೆ ಕ್ಯಾಂಟೀನಿನ ದೊಡ್ಡ ಟೀವಿಯಲ್ಲಿ ಕಾಣುತ್ತದೆ. ಯಾವನಾದರೂ ಯಾರದೋ ಹೊಲದಲ್ಲಿ ಇಳಿದುಬಿಟ್ಟರೆ ಹುಡುಕಿಕೊಂಡು ಹೋಗಲು ಅನುಕೂಲವಾಗಲೆಂದು ಮಾಡಿಕೊಂಡ ಏರ್ಪಾಡು ಅದು.

ಕಾಡಿನ ಮೇಲೆ ಬಂದು ಬಹಳ ಹೊತ್ತು ಹುಡುಕಿದ ಮೇಲೆ, ಕೊಳದ ಆಚೆ ಬದಿಯಲ್ಲಿ, ಎಳೆಯ ಸ್ಪ್ರೂಸ್ ಮರಗಳ ಒತ್ತಾದ ಮರೆಯಲ್ಲಿ ಕೆಂಪು ಚುಕ್ಕೆ ಕಂಡಿತು. ಚುಕ್ಕೆ ನೆಲಕ್ಕೆ ಬಹಳ ಹತ್ತಿರ ಇತ್ತು, ಅಲ್ಲಾಡುತ್ತಿರಲಿಲ್ಲ. ಬಿದ್ದಿದ್ದಾರೆ. ಅತ್ತೆ ಬಿದ್ದಿದ್ದಾರೆ. ವಿಮಾನವನ್ನು ವಾಲಿಸಿ, ಕೆಳಗಿಳಿಸಿ, ಮರದ ತುದಿಗಳ ಮೇಲೆಯೇ ಒಂದು ಸುತ್ತು ಹಾಕಿದ. ಕೆಂಪು ಚುಕ್ಕೆ ಥಟ್ಟನೆ ಎದ್ದು ನಿಂತಿತು. ಊರುಗೋಲು ಮೇಲೆದ್ದು ಗಾಳಿಯಲ್ಲಿ ಬೀಸತೊಡಗಿತು.

ಅತ್ತೆ ತನಗೆ ಕೈ ಬೀಸುತ್ತಿದ್ದಾರೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅವನ ಕಡೆ ಕೈ ಎತ್ತಿ ಪ್ರೀತಿ ತೋರಿಸಿದ್ದು ಇದೇ ಮೊದಲು. ಲುಬೊಮಿರನ ಕಣ್ಣು ನಿಜಕ್ಕೂ ಒದ್ದೆಯಾಯಿತು. ಇನ್ನೊಂದು ಸುತ್ತು ಹಾಕಿದ. ಕೋಲು ಇನ್ನೂ ಜೋರಾಗಿ ಬೀಸಿತು. ರೆಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ ವಂದನೆ ಸಲ್ಲಿಸಿದ. ಅತ್ತೆ ಕುಣಿಯತೊಡಗಿದರು. ಮಂಡಿ ನೋವಿರುವ ಮುದುಕಿ ಕುಣಿಯುತ್ತಾರೆಂದರೆ ಅದೆಂಥ ಸಂತೋಷವಿರಬೇಕು. ಹೀಗೆ ಏಳು ಸುತ್ತು ಹಾಕಿ, ಮದುಮಗನ ಗತ್ತಿನಲ್ಲಿ ವಾಪಸು ಬಂದು ಇಳಿದ.

ಕ್ಯಾಂಟೀನಿನಲ್ಲಿ ಒತಕರ್ ನಲ್ಲಿಯಿಂದ ಮಗ್ಗಿಗೆ ಬಿಯರ್ ಹಿಡಿಯುತ್ತಿದ್ದ. ಒತಕರ್ ಕ್ಯಾಂಟೀನ್ ನಡೆಸುವವನು, ತಾನೂ ಹಾರುವವನು, ಲುಬೊಮಿರನ ಬಾಲ್ಯದ ಗೆಳೆಯ. ಗೋಡೆಯ ಟೀವಿಯಲ್ಲಿ ಲುಬೊಮಿರನ ಗೆರೆ ಊರಿಂದ ನೆಟ್ಟಗೆ ಹೋಗಿ, ಕೊಳ ದಾಟಿ, ಅಲ್ಲಿ ಚಕ್ಕುಲಿ ಒತ್ತಿದ ಹಾಗೆ ಸುತ್ತಿ ಸುತ್ತಿ ಕೂತಿತ್ತು.

"ಅದೇನೋ ಅದು?" ಎಂದ ಒತಕರ್.

"ಅದಾ?" ಲುಬೊಮಿರ್ ಎದೆಯುಬ್ಬಿಸಿದ. "ಆ ಸುತ್ತಿನ ನಡುವೆ ಇರೋದು ನಮ್ಮತ್ತೆ. ಅಣಬೆಗೆ ಹೋಗಿದ್ರು. ಮೇಲಿಂದ ಕಾವಲು ಕಾಯ್ದು ಬಂದೆ."

ಬಾಯಿಗೆ ಹೋಗುತ್ತಿದ್ದ ಮಗ್ಗುಗಳು ದಾರಿಯಲ್ಲೇ ನಿಂತವು. ಎಲ್ಲರ ಕಣ್ಣೂ ಟೀವಿಯ ಮೇಲೆ. ಮೂಲೆಯಲ್ಲಿದ್ದ ಒಬ್ಬ ಅರ್ಧ ಬಿಯರ್ ಬಿಟ್ಟು ಎದ್ದು ಹೋದ. ಅರ್ಧ ಬಿಯರ್ ಬಿಟ್ಟು ಏಳುವುದು ಆ ಊರಿನಲ್ಲಿ ಮನೆಗೆ ಬೆಂಕಿ ಬಿದ್ದಾಗ ಮಾತ್ರ. ಅವನ ಹಿಂದೆ ಇನ್ನೊಬ್ಬ ಎದ್ದ. ಅತ್ತೆಯ ಮೇಲಿನ ತನ್ನ ಭಕ್ತಿ ಕಂಡು ಇವರಿಗೆಲ್ಲ ತಮ್ಮ ತಮ್ಮ ಅತ್ತೆಯ ನೆನಪಾಗಿರಬೇಕು ಎಂದುಕೊಂಡ ಲುಬೊಮಿರ್.

ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ಕೂತಿದ್ದರು. ಮುಖ ತಲೆವಸ್ತ್ರಕ್ಕಿಂತ ಕೆಂಪಾಗಿತ್ತು.

"ಕಂಡೆಯಾ?" ಎಂದರು.

"ಕಂಡೆ ಅತ್ತೆ. ಚೆನ್ನಾಗೇ ಕಂಡೆ."

"ಎಷ್ಟು ಕಂಡೆ?"

"ಎಲ್ಲಾನೂ ಕಂಡೆ," ಎಂದ ಲುಬೊಮಿರ್ ಹೆಮ್ಮೆಯಿಂದ. "ಅಷ್ಟು ಕೆಳಗೆ ಬಂದಿದ್ನಲ್ಲ. ಮೊದಲು ಗಾಬರಿ ಆಯ್ತು. ಆಮೇಲೆ ನೋಡಿ ನೋಡಿ ಖುಷಿ ಆಯ್ತು."

ಅತ್ತೆ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದು ಅವನ ಊಟದ ತಟ್ಟೆಯಲ್ಲಿ ಒಂದೇ ಒಂದು ಬೇಯಿಸಿದ ಆಲೂಗಡ್ಡೆ ಇತ್ತು. ಉಪ್ಪೂ ಹಾಕಿರಲಿಲ್ಲ.

ಭಾನುವಾರ ಬೆಳಗ್ಗೆ ಯಿತ್ಕಾ ಅವನ ಹೊದಿಕೆ ಎಳೆದಳು. "ಎದ್ದು ಕಿಟಕೀಲಿ ನೋಡು ಏನ್ಮಾಡಿದೀಯ ಅಂತ."

ಕಾಡಿನ ಅಂಚಿನುದ್ದಕ್ಕೂ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಬುಟ್ಟಿ ಹಿಡಿದ ಜನ ಕೊಳದ ಕಡೆಗೆ ಜಾತ್ರೆಯ ಹಾಗೆ ಹೋಗುತ್ತಿದ್ದರು. ಬ್ರ್ನೋ ನಗರದ ನಂಬರಿನ ಒಂದು ಬಸ್ಸೂ ಬಂದಿತ್ತು.

"ನಾನೇನ್ಮಾಡ್ದೆ?"

"ಏನ್ಮಾಡ್ದೆ ಅಂತೆ. ಅಮ್ಮ ಅಷ್ಟು ವರ್ಷದಿಂದ ಮುಚ್ಚಿಟ್ಟಿದ್ದ ಜಾಗಾನ ಊರಿನ ಟೀವಿಗೆ ಹಾಕಿದೀಯ. ಸುತ್ತ ಗೆರೆ ಬೇರೆ ಎಳೆದು. ಡಂಗುರ ಹೊಡೆಸಿದ್ರೂ ಇಷ್ಟು ಚೆನ್ನಾಗಿ ಗೊತ್ತಾಗ್ತಿರ್ಲಿಲ್ಲ."

ಲುಬೊಮಿರ್ ಮಂಚದ ಅಂಚಿಗೆ ಕೂತುಬಿಟ್ಟ. ಏಳು ಸುತ್ತು ಹಾಕಿದ್ದು ವಿಮಾನ, ಸುತ್ತಿಕೊಂಡದ್ದು ಅವನ ಕೊರಳಿಗೆ. ಕಾವಲಿಗೆ ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೆನ್ನು ನೋಯತೊಡಗಿತು.

ಕೆಳಗೆ ಗೇಟಿನ ಬಳಿ ನೆರೆಹೊರೆಯವರು ಅತ್ತೆಯನ್ನು ಮಾತಾಡಿಸುತ್ತಿದ್ದರು. "ಏನು ಲಿಬುಷೆ, ಬೆಳೀತಿದ್ಯಂತೆ ಅಲ್ಲಿ?"

"ಅಲ್ಲೇನೂ ಇಲ್ಲ," ಎಂದರು ಅತ್ತೆ.

"ಹೌದೌದು," ಎಂದು ನಕ್ಕು ಅವರು ಹೆಜ್ಜೆ ಚುರುಕು ಮಾಡಿದರು.

"ನಿಜ ಹೇಳ್ತಿದೀನಿ ಕಣ್ರೋ, ಅಲ್ಲೇನೂ ಇಲ್ಲ."

ಎರಡು ಸಲ ಹೇಳಿದರೆ ಎರಡು ಪಟ್ಟು ಇದೆ ಎಂದು ಅರ್ಥ. ಗೇಟಿನ ಬಳಿ ನಿಂತಿದ್ದವರು ಓಡತೊಡಗಿದರು. ಮಧ್ಯಾಹ್ನ ಎಲ್ಲರೂ ಖಾಲಿ ಬುಟ್ಟಿ ಹಿಡಿದು ವಾಪಸು ಬಂದರು. ಒಬ್ಬರಿಗೂ ಅಲ್ಲಿ ಏನೂ ಇಲ್ಲ ಅನ್ನಿಸಲಿಲ್ಲ. ತನಗಿಂತ ಮುಂಚೆ ಎದ್ದು ಹೋದವನು ಯಾವನೋ ಬಾಚಿಕೊಂಡಿದ್ದಾನೆ ಎಂದೇ ಪ್ರತಿಯೊಬ್ಬರಿಗೂ ಅನ್ನಿಸಿತು. ಹಾಗಾಗಿ ಮರುದಿನ ಇನ್ನೂ ಬೇಗ ಎದ್ದರು.

ಇಲ್ಲಿಗೆ ಲುಬೊಮಿರ್ ಸುಮ್ಮನಿದ್ದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದವನು ಅಷ್ಟಕ್ಕೆ ಮಣ್ಣು ಕೆಳಗಿಡುವುದಿಲ್ಲ. ಅವನಿಗೊಂದು ಉಪಾಯ ಹೊಳೆಯಿತು. ಸುತ್ತು ಹಾಕಿ ಕೆಡಿಸಿದ್ದನ್ನು ಸುತ್ತು ಹಾಕಿಯೇ ಸರಿಪಡಿಸಬೇಕು. ಹಳೆಯ ಕಲ್ಲುಗಣಿಯ ಪಕ್ಕದಲ್ಲಿ ಒಂದು ಕುರುಚಲು ಕಾಡಿತ್ತು. ಮುಳ್ಳು, ಕಸ, ತುಕ್ಕು ಹಿಡಿದ ತಗಡು. ಬುದ್ಧಿಯಿರುವ ಅಣಬೆ ಅಲ್ಲಿ ಹುಟ್ಟುವುದಿಲ್ಲ. ಕೆಲಸ ಮುಗಿಸಿ ಬಂದವನೇ ವಿಮಾನ ಹೊರಡಿಸಿ, ಅದರ ಮೇಲೆ ಒಂಬತ್ತು ಸುತ್ತು ಹಾಕಿದ. ರೆಕ್ಕೆಯನ್ನೂ ತೂಗಿದ. ಜನ ಕೊಳ ಬಿಟ್ಟು ಇಲ್ಲಿಗೆ ಬರುತ್ತಾರೆ, ಅತ್ತೆಯ ಜಾಗ ಅವರಿಗೇ ಉಳಿಯುತ್ತದೆ.

ಜನ ಬಂದರು. ಬುಟ್ಟಿ ತುಂಬಿಕೊಂಡೂ ಹೋದರು.

ಮರುದಿನ ಸಂಜೆ ಕ್ಯಾಂಟೀನಿಗೆ ಹೋದರೆ ಒತಕರ್ ಅವನ ಮುಂದೆ ಒಂದು ಲೋಟ ಬೆಚ್ಚನೆಯ ನಿಂಬೆ ಶರಬತ್ತು ಇಟ್ಟ.

"ಬಿಯರ್?" ಎಂದ ಲುಬೊಮಿರ್.

"ನಿನಗಿಲ್ಲ."

"ಯಾಕೋ?"

ಒತಕರ್ ಬಟ್ಟೆಯಿಂದ ಒಂದೇ ಮಗ್ಗನ್ನು ಒರೆಸುತ್ತಲೇ ಇದ್ದ. "ಆ ಕಲ್ಲುಗಣಿ ಕಾಡಿಗೆ ತುಕ್ಕು ತಗಡು ತಂದು ಹಾಕಿದ್ದು ಯಾರು ಗೊತ್ತಾ? ನಮ್ಮಪ್ಪ. ಕಸ ಸುರಿದಿದ್ದು ಯಾರು? ನಾನು. ಯಾರೂ ಬರಬಾರದು ಅಂತ ಇಷ್ಟು ವರ್ಷ ಕಷ್ಟಪಟ್ಟು ಗಲೀಜು ಮಾಡಿ ಇಟ್ಟಿದ್ವಿ. ಒಂಬತ್ತು ಸುತ್ತು ಹಾಕಿದೆಯಲ್ಲೋ. ನನ್ನ ಹೆಂಡ್ತಿಗೂ ಗೊತ್ತಿರ್ಲಿಲ್ಲ. ಅವಳು ಇವತ್ತು ಅಲ್ಲಿಂದಾನೇ ಎರಡು ಬುಟ್ಟಿ ತಂದು, ನೋಡಿ ಅಂತ ನನಗೇ ತೋರಿಸ್ತಾಳೆ."

ಲುಬೊಮಿರ್ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡ. ಶರಬತ್ತು ಕುಡಿದ.

ಕೋತಿ ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿತು ಎಂಬ ಮಾತಿಗೆ ಇಷ್ಟು ಸರಿಯಾದ ಕೋತಿ ಆ ವನದಲ್ಲಿ ಹಿಂದೆ ಹುಟ್ಟಿರಲಿಲ್ಲ. ಅವನ ವಿಮಾನದ ಸದ್ದು ಕೇಳಿದರೆ ಸಾಕು, ಹೊಲದಲ್ಲಿದ್ದವರು ಗುದ್ದಲಿ ಬಿಟ್ಟು ಬುಟ್ಟಿ ಹುಡುಕುತ್ತಿದ್ದರು. ಅವನು ಎಡಕ್ಕೆ ವಾಲಿದರೆ ಸೈಕಲ್ಲುಗಳು ಎಡಕ್ಕೆ. ಮೋಡ ತಪ್ಪಿಸಲು ಬಲಕ್ಕೆ ತಿರುಗಿದರೆ ಕಾರುಗಳು ಬಲಕ್ಕೆ. ಇಳಿಯುವ ಮುಂಚೆ ರನ್‌ವೇ ಸುತ್ತ ಒಂದು ತಿರುವು ಹಾಕಲೇಬೇಕಲ್ಲ, ಆ ತಿರುವಿನ ಕೆಳಗಿನ ಬೀಟ್‌ರೂಟ್ ಹೊಲದಲ್ಲಿ ಚಾಕು ಹಿಡಿದು ಬಗ್ಗಿದ ಅಜ್ಜಂದಿರು. ಒಬ್ಬರಂತೂ ರನ್‌ವೇಯ ತುದಿಯಲ್ಲೇ ಬುಟ್ಟಿ ಇಟ್ಟುಕೊಂಡು ಕೂತು, ಇಳಿಯಲು ಬಂದ ಇನ್ನೊಬ್ಬ ಪೈಲಟ್‌ಗೆ ಹೋಗು ಹೋಗು, ಇದು ನನ್ನ ಜಾಗ ಎಂದು ಕೈಸನ್ನೆ ಮಾಡಿದರು.

ಕ್ಲಬ್ಬಿನ ಹಿರಿಯರು ಅವನನ್ನು ಕರೆಸಿದರು. "ನೋಡು ಲುಬೊ, ನೀನು ತಿರುಗಬೇಡ. ಸುಮ್ಮನೆ ನೆಟ್ಟಗೆ ಹಾರು."

"ನೆಟ್ಟಗೇ ಹಾರಿದ್ರೆ ಪೋಲೆಂಡಿಗೆ ಹೋಗ್ತೀನಿ," ಎಂದ ಲುಬೊಮಿರ್.

"ಹೋಗು," ಎಂದರು ಹಿರಿಯರು.

ಇಷ್ಟರ ನಡುವೆ ಕೆಲಸಕ್ಕೂ ಹೋಗಬೇಕಿತ್ತು. ಯಾರದೋ ಬಚ್ಚಲಲ್ಲಿ, ಯಾರದೋ ಮೆಷಿನ್ನಿನ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಬೆಲ್ಟ್ ಹಾಕುತ್ತಿದ್ದರೆ ಹಿಂದಿನಿಂದ ಮನೆಯಾಕೆ ಪಿಸುಗುಡುತ್ತಿದ್ದಳು. "ಲುಬೊ, ನಾಳೆ ಎಲ್ಲಿ ಸುತ್ತು ಹಾಕ್ತೀಯ? ನನಗೊಬ್ಬಳಿಗೇ ಹೇಳು." ಅವನಿಗೆ ಆ ಮೆಷಿನ್ನಿನೊಳಗೇ ಇದ್ದುಬಿಡೋಣ ಅನ್ನಿಸುತ್ತಿತ್ತು.

ಹಾರುವುದು ಬಿಟ್ಟ. ಮೇಲೆ ಹೋದರೂ ಕೆಳಗಿನವರ ಕಣ್ಣು ಬೆನ್ನಿಗೆ ಅಂಟಿಕೊಂಡೇ ಇರುವುದಾದರೆ ಮೇಲೆ ಹೋಗಿ ಮಾಡುವುದೇನು? ತಿಂಗಳ ಕೊನೆಯೂ ಬರುತ್ತಿತ್ತು. ಒಂದು ಸಂಜೆ, ಕೈ ತೊಳೆದು, ಅಂಗಿ ಬದಲಿಸಿ, ಅತ್ತೆಯ ಅಡಿಗೆಮನೆಯ ಬಾಗಿಲಲ್ಲಿ ನಿಂತ. ತಪ್ಪಾಯಿತು ಎಂದು ಹೇಳಿ, ಕೊಟ್ಟಿಗೆಯ ಬೀಗದ ಕೈ ಕೊಟ್ಟು, ವಿಮಾನ ಮಾರುತ್ತೇನೆ ಎಂದುಬಿಡುವುದು ಅವನ ನಿರ್ಧಾರ. ಹೇಳಬೇಕಾದ ಮಾತನ್ನು ಮೆಟ್ಟಿಲಿಳಿಯುತ್ತ ಎರಡು ಸಲ ಹೇಳಿಕೊಂಡಿದ್ದ.

ಒಳಗೆ ನೋಡಿದರೆ ಮೇಜು, ಕುರ್ಚಿ, ಕಿಟಕಿಯ ಕಟ್ಟೆ, ಒಲೆಯ ಮೇಲುಭಾಗ ಎಲ್ಲೆಲ್ಲೂ ಪೇಪರ್ ಹಾಸಿ ಅಣಬೆಯ ಹೋಳು ಹರವಿತ್ತು. ತಾಯಿ ಮಗಳು ಎದುರುಬದುರು ಕೂತು ಇನ್ನೂ ಹೆಚ್ಚುತ್ತಿದ್ದರು. ಮೂರು ಬುಟ್ಟಿ ಕಾಯುತ್ತಿದ್ದವು.

"ಅತ್ತೆ, ಇದೆಲ್ಲ ಎಲ್ಲಿಂದ?"

"ನನ್ನ ಜಾಗದಿಂದ," ಎಂದರು ಅತ್ತೆ.

"ಅದು ಹೋಯ್ತಲ್ಲ. ನಾನೇ ಹಾಳು ಮಾಡ್ದೆನಲ್ಲ. ಬ್ರ್ನೋದಿಂದ ಬಸ್ ಬಂತಲ್ಲ."

ಅತ್ತೆ ಚಾಕು ಕೆಳಗಿಟ್ಟರು. "ನನ್ನ ಜಾಗ ಇರೋದೇ ಬೇರೆ ಕಡೆ. ಕೊಳದ ಹತ್ರ ಏನೂ ಇಲ್ಲ ಅಂತ ಹೇಳಿ ಹೇಳಿ ಬಾಯಿ ಒಣಗಿತು. ಈ ಊರಲ್ಲಿ ನಿಜ ಹೇಳಿದ್ರೆ ಯಾರು ನಂಬ್ತಾರೆ?"

"ಮತ್ತೆ ನೀವು ಅಲ್ಲಿ, ಆ ಮರೇಲಿ, ಅಷ್ಟು ಹೊತ್ತು ಏನ್ಮಾಡ್ತಿದ್ರಿ?"

ಯಿತ್ಕಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಅತ್ತೆ ಅಳಿಯನನ್ನು ದಿಟ್ಟಿಸಿ ನೋಡಿದರು. ಮೆದುಳಿಲ್ಲದ ಪ್ರಾಣಿಯನ್ನು ನೋಡಿ ಪಾಪ ಅನ್ನುವವರ ನೋಟ ಅದು.

"ನನಗೆ ಎಪ್ಪತ್ತೆಂಟು ವರ್ಷ ಲುಬೊ. ಬೆಳಗ್ಗೆ ಎರಡು ಲೋಟ ಟೀ ಕುಡಿದು ಹೊರಟಿದ್ದೆ. ಕಾಡಲ್ಲಿ ಯಾರೂ ಬರದ ಜಾಗ ಅಂದ್ರೆ ಅದೊಂದೇ, ಯಾಕಂದ್ರೆ ಅಲ್ಲಿ ಅಣಬೆ ಇಲ್ಲ. ಹುಡುಗಿಯಾಗಿದ್ದಾಗಿಂದ ಅಲ್ಲಿಗೇ ಹೋಗೋದು. ನೆಮ್ಮದಿಯಾಗಿ ಕೂತಿದ್ದೀನಿ. ತಲೆ ಮೇಲೆ ನೀನು."

ಲುಬೊಮಿರನ ಕಿವಿಯಿಂದ ಹಿಡಿದು ಕತ್ತಿನವರೆಗೆ ಬಿಸಿಯೇರಿತು.

"ಹೋಗು ಅಂತ ಕೋಲು ಬೀಸಿದೆ. ಇನ್ನೂ ಕೆಳಗೆ ಬಂದೆ. ಏಳು ಸುತ್ತು. ಮೇಲಿಂದ ನಮಸ್ಕಾರ ಬೇರೆ." ಅತ್ತೆ ಉಸಿರೆಳೆದುಕೊಂಡರು. "ಮನೆಗೆ ಬಂದು ಕೇಳಿದ್ರೆ ಎಲ್ಲಾನೂ ಕಂಡೆ, ನೋಡಿ ನೋಡಿ ಖುಷಿ ಆಯ್ತು ಅಂದೆ."

"ಅತ್ತೆ, ನಾನು... ಬೀಗದ ಕೈ..." ಎಂದ ಲುಬೊಮಿರ್. ಮೆಟ್ಟಿಲಿಳಿಯುವಾಗ ಹೇಳಿಕೊಂಡಿದ್ದ ಮಾತೆಲ್ಲ ಎಲ್ಲಿಗೋ ಹೋಗಿತ್ತು. ಬೀಗದ ಕೈಯನ್ನು ಅಣಬೆ ಹೋಳುಗಳ ನಡುವೆ ಇಟ್ಟ. "ವಿಮಾನ ಮಾರಿಬಿಡ್ತೀನಿ. ನೀವು ಆಡು ಕಟ್ಕೊಳ್ಳಿ. ನನಗೆ ಸಾಕಾಗಿದೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಸಾಕಾಗಿತ್ತು. ನಿಂತಲ್ಲೇ ಅತ್ತು ಬಿಡುತ್ತೇನೇನೋ ಎಂದು ಹೆದರಿ ಗೋಡೆಯ ಕಡೆ ನೋಡಿದ.

ಅತ್ತೆ ಬೀಗದ ಕೈಯನ್ನು ಚಾಕುವಿನ ತುದಿಯಿಂದ ಅವನ ಕಡೆಗೇ ತಳ್ಳಿದರು. "ಮಾರೋದು ಗೀರೋದು ಬೇಡ. ಕೂತ್ಕೋ."

ಕೂತ.

"ಈ ವರ್ಷದಷ್ಟು ಅಣಬೆ ನನಗೆ ಯಾವತ್ತೂ ಸಿಕ್ಕಿಲ್ಲ. ಊರೆಲ್ಲ ನಿನ್ನ ಹಿಂದೆ ಓಡ್ತಿದೆ. ನನ್ನ ದಾರೀಲಿ ಒಂದು ನರಪಿಳ್ಳೆ ಇಲ್ಲ. ಬಗ್ಗಿ ನೋಡೋರಿಲ್ಲ, ಬೆಳೀತಿದ್ಯಾ ಅಂತ ಕೇಳೋರಿಲ್ಲ. ಶನಿವಾರ ನೀನು ಹಾರು. ಹಳೇ ಸೇತುವೆ ಆಚೆ ಬೋಳುಗುಡ್ಡ ಇದೆಯಲ್ಲ, ಅದರ ಮೇಲೆ ಚೆನ್ನಾಗಿ ಸುತ್ತು. ನಾನು ಈ ಕಡೆ ಹೋಗ್ತೀನಿ."

"ಆ ಗುಡ್ಡ ಯಾರದಾದ್ರೂ ಜಾಗ ಆಗಿದ್ರೆ?"

"ಅಲ್ಲಿ ಮರಾನೇ ಇಲ್ಲ."

"ಕಲ್ಲುಗಣೀಲೂ ಏನಿಲ್ಲ ಅಂದ್ಕೊಂಡಿದ್ದೆ," ಎಂದ ಲುಬೊಮಿರ್ ಸೋತ ಧ್ವನಿಯಲ್ಲಿ.

"ಒತಕರ್ ಅವರಪ್ಪ ತಗಡು ಹಾಕಿದ್ದು ನನಗೆ ಗೊತ್ತಿತ್ತು," ಎಂದರು ಅತ್ತೆ. "ನನ್ನ ಕೇಳಿದ್ರೆ ಹೇಳ್ತಿದ್ದೆ. ನನ್ನನ್ನ ಯಾರು ಕೇಳ್ತಾರೆ?"

ಈಗ ಯಿತ್ಕಾ ಏಪ್ರನ್ ಕೆಳಗಿಳಿಸಿ, ಕಣ್ಣೊರೆಸಿಕೊಂಡು, ಗಂಭೀರವಾದಳು. "ಅದೆಲ್ಲ ಸರಿ. ಆದ್ರೆ ಅಮ್ಮ ಒಬ್ಬಳೇ ಕಾಡಿಗೆ ಹೋಗೋದು ತಪ್ಪಲಿಲ್ಲವಲ್ಲ. ಬಿದ್ರೆ ಯಾರಿಗೆ ಗೊತ್ತಾಗುತ್ತೆ? ಅದಕ್ಕೆ ನಾನೊಂದು ಮಾಡಿದೀನಿ." ಕಪಾಟಿನಿಂದ ಎರಡು ವಾಕಿ ಟಾಕಿ ತೆಗೆದು ಮೇಜಿನ ಮೇಲಿಟ್ಟಳು. ಬೇಟೆಗಾರರು ಇಟ್ಟುಕೊಳ್ಳುವಂಥವು. "ಇದು ಎಲ್ಲಿದೀವಿ ಅಂತ ಯಾರಿಗೂ ಹೇಳಲ್ಲ, ಅಮ್ಮ. ಬಟನ್ ಒತ್ತಿ ಮಾತಾಡಿದ್ರೆ ಲುಬೊಗೆ ಕೇಳುತ್ತೆ. ಒಂದು ನಿನಗೆ. ಇನ್ನೊಂದು ಅವನು ಕಿವಿಗೆ ಕಟ್ಕೋಬೇಕು."

ಲುಬೊಮಿರ್ ಬಾಯಿ ತೆರೆದ.

"ಹಾರೋವಾಗೆಲ್ಲ," ಎಂದಳು ಯಿತ್ಕಾ. "ಆಫ್ ಮಾಡೋ ಹಾಗಿಲ್ಲ. ಅಮ್ಮನ ಜೀವದ ಪ್ರಶ್ನೆ."

ಅವನು ಬಾಯಿ ಮುಚ್ಚಿದ. ಅತ್ತೆ ವಾಕಿ ಟಾಕಿಯನ್ನು ಕೈಯಲ್ಲಿ ತೂಗಿ ನೋಡಿ, ತಿರುಗಿಸಿ ನೋಡಿ, ಮೆಲ್ಲನೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು.

ಶನಿವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಲುಬೊಮಿರ್ ಮೇಲೆದ್ದ. ಹುಲ್ಲು ಕೆಳಗೆ ಜಾರಿತು, ಚರ್ಚಿನ ಗೋಪುರ ಪಕ್ಕಕ್ಕೆ ಸರಿಯಿತು. ಊರಿನ ಕಾರು ಸೈಕಲ್ಲುಗಳೆಲ್ಲ ಸೇತುವೆ ದಾಟಿ ಬೋಳುಗುಡ್ಡದ ಕಡೆಗೆ ಹೊರಟದ್ದು ಕಂಡಿತು. ಅತ್ತೆ ಹೇಳಿದ ಹಾಗೆ ಸುತ್ತತೊಡಗಿದ. ಗಾಣದ ಎತ್ತಾದರೂ ಎಣ್ಣೆ ತೆಗೆಯುತ್ತದೆ ಎಂದುಕೊಂಡ. ಆದರೂ ಮೇಲೆ ತಣ್ಣನೆಯ ಗಾಳಿಯಿತ್ತು, ಎಂಜಿನ್ನು ಒಂದೇ ಸಮನೆ ಗುನುಗುತ್ತಿತ್ತು, ಬೆನ್ನು ನೋವು ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತು. ಬಹಳ ದಿನದ ಮೇಲೆ ಅವನ ಭುಜಗಳು ಸಡಿಲಾದವು. ಕಣ್ಣು ಅರೆಮುಚ್ಚಿ ಒಂದು ದೀರ್ಘ ಉಸಿರು ಬಿಟ್ಟ.

ಕಿವಿಯಲ್ಲಿ ಕರಕರ ಎಂದಿತು.

"ಲುಬೊ."

ಅವನು ಬೆಚ್ಚಿಬಿದ್ದು ನೆಟ್ಟಗೆ ಕೂತ. ಬಟನ್ ಒತ್ತಿದ. "ಅತ್ತೆ? ಏನಾಯ್ತು? ಬಿದ್ರಾ?"

"ಇಲ್ಲಪ್ಪ."

"ಮಂಡಿ ಹಿಡ್ಕೊಂಡಿತಾ?"

"ಇಲ್ಲ."

"ಮತ್ತೆ ಏನು?"

ಮತ್ತೆ ಕರಕರ. ಹಿನ್ನೆಲೆಯಲ್ಲಿ ಎಲ್ಲೋ ಒಂದು ಹಕ್ಕಿ ಕೂಗಿತು. ಆಮೇಲೆ ಅತ್ತೆಯ ಧ್ವನಿ ಬಹಳ ನೆಮ್ಮದಿಯಿಂದ ಬಂತು.

"ಏನಿಲ್ಲ. ಸುಮ್ಮನೆ ಕರೆದೆ."